ಓಟಿಗೆ ಮೊದಲು ಕೋವಿಯ ಲೆಕ್ಕ: ವರ್ಜೀನಿಯಾದ ಅಭ್ಯರ್ಥಿಗಳನ್ನು ನಾನು ಜಾಲಾಡುವ ಬಗೆ

ನಮ್ಮ ಕೊಪ್ಪ ಸೀಮೆಯಲ್ಲಿ ಎಲೆಕ್ಷನ್ ಬಂತು ಅಂತ ನನಗೆ ಮೊದಲು ಗೊತ್ತಾಗುತ್ತಿದ್ದದ್ದು ಜೀಪಿನ ಮೈಕಿನಿಂದ ಅಲ್ಲ, ಅಪ್ಪಯ್ಯನ ಕೋವಿಯಿಂದ. ಜಗಲಿಯ ಗೂಟದಲ್ಲಿದ್ದ ಒಂಟಿ ನಳಿಗೆಯನ್ನು ಇಳಿಸಿ, ಎಣ್ಣೆಬಟ್ಟೆಯಲ್ಲಿ ಒರೆಸಿ, ಗೋಣಿಯಲ್ಲಿ ಸುತ್ತಿಕೊಂಡು ಅವರು ಬಸ್ಸು ಹತ್ತಿದರೆಂದರೆ ನೀತಿ ಸಂಹಿತೆ ಜಾರಿಯಾಗಿದೆ ಎಂದೇ ಲೆಕ್ಕ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಟ್ಟ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ರಸೀದಿ ತರಬೇಕು, ಫಲಿತಾಂಶ ಬಂದಮೇಲೆ ಹೋಗಿ ಬಿಡಿಸಿಕೊಳ್ಳಬೇಕು. ಅಷ್ಟು ದಿನ ಬಾಳೆ, ಏಲಕ್ಕಿ ಎಲ್ಲ ಮಂಗನ ಪಾಲು. "ಓಟು ಅವರಿಗೆ, ಗೊನೆ ಮಂಗನಿಗೆ" ಅಂತ ಅಪ್ಪಯ್ಯ ಗೊಣಗುತ್ತಿದ್ದರು.

ನಾನೀಗ ಇರುವ ಅಮೆರಿಕದ ವರ್ಜೀನಿಯಾದಲ್ಲಿ ಇದು ತಿರುವುಮುರುವು. ಎಲೆಕ್ಷನ್ ಬಂತೆಂದರೆ ಇಲ್ಲಿ ಕೋವಿ ಹೊರಗೆ ಬರುತ್ತದೆ. ಟೀವಿಯಲ್ಲಿ, ಫೋನಿನಲ್ಲಿ, ಅಂಚೆ ಡಬ್ಬಿಗೆ ಬಂದು ಬೀಳುವ ದೊಡ್ಡ ದೊಡ್ಡ ಹೊಳಪು ಕಾರ್ಡುಗಳಲ್ಲಿ. ಒಬ್ಬರು ಅದನ್ನು ಹೆಗಲಿಗೇರಿಸಿ ನಗುತ್ತಾರೆ, ಇನ್ನೊಬ್ಬರು ಅದರ ಮೇಲೆ ಕೆಂಪು ಗೆರೆ ಎಳೆದು ಶಾಲಾ ಬಸ್ಸಿನ ಪಕ್ಕ ನಿಲ್ಲುತ್ತಾರೆ. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ನಮ್ಮ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಅಕ್ಕಾ, ಯಾರಿಗೆ ಹಾಕೋದು ಹೇಳ್ಬಿಡಿ."

ಹೇಳುವುದಿಲ್ಲ. ನಮ್ಮ ಮನೆಯಲ್ಲೇ ಈ ವಿಷಯಕ್ಕೆ ಎರಡು ಪಕ್ಷ. ನಮ್ಮನೆಯವರ ಹತ್ತಿರ ಒಂದು ಪಿಸ್ತೂಲಿದೆ, ಕಪಾಟಿನ ಸೇಫಿನಲ್ಲಿ. ಅದು ಮನೆಗೆ ಬಂದ ಮೊದಲ ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಗ ಎರಡನೇ ಕ್ಲಾಸಿನಲ್ಲೇ, ಶಾಲೆಗೆ ಬಂದೂಕುಧಾರಿ ನುಗ್ಗಿದರೆ ಅಡಗಿಕೊಳ್ಳುವ ಅಭ್ಯಾಸವಾದ ಲಾಕ್‌ಡೌನ್ ಡ್ರಿಲ್ಲಿನ ದಿನ ಹೇಗೆ ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂರಬೇಕು ಅಂತ ನನಗೆ ತೋರಿಸಿಕೊಟ್ಟವನು. ಗುಂಪಿನಲ್ಲಿ ವಿರಾಜಪೇಟೆಯ ಗೆಳತಿಯೊಬ್ಬಳಿದ್ದಾಳೆ. ಅವರಲ್ಲಿ ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ, ಲೈಸೆನ್ಸಿನಿಂದಲೂ ಕೊಡವರಿಗೆ ವಿನಾಯಿತಿ. ಅವಳ ಕಣ್ಣಿಗೆ ನನ್ನ ಹೆದರಿಕೆ ತಮಾಷೆ. ನೀವು ಯಾವ ಕಡೆಗಾದರೂ ಇರಿ, ನಾನು ಹೇಳಿಕೊಡುವುದು ಒಂದನ್ನೇ: ನಿಮ್ಮ ಕಡೆಯವರು ಅಂತ ನೀವು ಅಂದುಕೊಂಡವರು ನಿಜವಾಗಿ ನಿಮ್ಮ ಕಡೆಯವರೋ ಅಲ್ಲವೋ ಅಂತ ಪತ್ತೆಹಚ್ಚುವುದು. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಇಷ್ಟೇ: ಡೆವಲಪರ್ ಬಾಯಲ್ಲಿ ಏನಂದ ಅನ್ನುವುದನ್ನು ಬದಿಗಿಟ್ಟು ಪ್ರೋಗ್ರಾಮು ಏನು ಮಾಡುತ್ತದೆ ಅಂತ ನೋಡುವುದು.

ಮೊದಲು ಒಂದು ಎಚ್ಚರಿಕೆ, ಹೊಸದಾಗಿ ಬಂದವರಿಗೆ. ಇದು ಸಿಟಿಜನ್ ಆದವರ ಕೆಲಸ. ಗ್ರೀನ್ ಕಾರ್ಡಿನವರು ಬಂದೂಕು ಕೊಳ್ಳಬಹುದು, ಓಟು ಹಾಕುವಂತಿಲ್ಲ. ಎಚ್-1ಬಿ ವೀಸಾದವರಿಗೆ ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಎರಡೂ ಇಲ್ಲ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಫೋಟೋ ಹಾಕುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿ.

ನಾನು ಸಿಟಿಜನ್ ಆದದ್ದು 2018ರಲ್ಲಿ. ಮುಂದಿನ ನವೆಂಬರಿನಲ್ಲೇ ಮೊದಲ ಓಟು. ಆಗ ನಾನು ಮಾಡಿದ ಸಂಶೋಧನೆ ಏನೆಂದರೆ, ಅಡಿಗೆಮನೆಯ ಕಟ್ಟೆಯ ಮೇಲೆ ಬಂದು ಬಿದ್ದ ಒಂದು ಕಾರ್ಡು. ಒಬ್ಬ ಅಭ್ಯರ್ಥಿಯ ಹೆಸರಿನ ಕೆಳಗೆ ಉದ್ಧರಣ ಚಿಹ್ನೆಯೊಳಗೆ ಒಂದು ಭಯಂಕರ ವಾಕ್ಯ, ನಡುವೆ ಮೂರು ಚುಕ್ಕಿ. ಕಾರ್ಡು ನಂಬಿ ಅವರನ್ನು ಬಿಟ್ಟೆ. ತಿಂಗಳಾದ ಮೇಲೆ ಆ ಭಾಷಣದ ವಿಡಿಯೋ ಪೂರ್ತಿ ನೋಡಿದಾಗ ಆ ಮೂರು ಚುಕ್ಕಿಯೊಳಗೆ ಒಂದಿಡೀ ನಿಮಿಷ ಅಡಗಿತ್ತು, ಮಾತಿನ ಅರ್ಥ ಪೂರಾ ಬೇರೆ. ಕಾರ್ಡು ಕಳಿಸಿದ್ದು ಎದುರಾಳಿಯೂ ಅಲ್ಲ, ಯಾವುದೋ ಮೂರನೇ ಸಮಿತಿ. ಅಂದಿನಿಂದ ಕಾರ್ಡು ಬಂದರೆ ಮೊದಲು ತಿರುಗಿಸಿ ಹಣ ಕೊಟ್ಟವರು ಯಾರು ಎಂಬ ಸಣ್ಣಕ್ಷರ ಓದುತ್ತೇನೆ. ಅದನ್ನು ಅಚ್ಚು ಹಾಕಲೇಬೇಕು ಅಂತ ಇಲ್ಲಿ ಕಾನೂನಿದೆ. ಚುಕ್ಕಿ ಇರುವ ಉದ್ಧರಣೆ ಕಂಡರೆ ಕಾರ್ಡು ಸೀದಾ ರೀಸೈಕಲ್ ಬುಟ್ಟಿಗೆ.

ಈಗ ಕೆಲಸಕ್ಕೆ ಬರೋಣ. ರಾಜ್ಯದ ಚುನಾವಣಾ ಇಲಾಖೆಯ ಜಾಲತಾಣದಲ್ಲಿ ನಿಮ್ಮ ವಿಳಾಸ ಕೊಟ್ಟು ಮಾದರಿ ಮತಪತ್ರ ತೆಗೆಯಿರಿ. ಯಾವ ಹುದ್ದೆಗೆ ಯಾರು ಅಂತ ಕಾಗದಕ್ಕಿಳಿಸಿ. ಪ್ರತಿ ಹುದ್ದೆಯ ಎದುರು, ಈ ಕುರ್ಚಿಯಲ್ಲಿ ಕೂತವರ ಕೈಗೆ ಬಂದೂಕಿನ ಯಾವ ಕಾನೂನು ಎಟಕುತ್ತದೆ ಅಂತ ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ವಾಷಿಂಗ್ಟನ್ನಿಗೆ ಹೋಗುವವರ ಬಗ್ಗೆ ಇಡೀ ಮನೆ ಜಗಳವಾಡುತ್ತದೆ. ಆದರೆ ನಿಮ್ಮ ದಿನದ ಬದುಕಿಗೆ ತಾಗುವ ಹೆಚ್ಚಿನ ಕಾನೂನು ರಾಜ್ಯದ ರಾಜಧಾನಿ ರಿಚ್‌ಮಂಡ್‌ನಲ್ಲಿ, ನೂರು ಜನರ ಹೌಸ್ ಆಫ್ ಡೆಲಿಗೇಟ್ಸ್ ಮತ್ತು ನಲವತ್ತು ಜನರ ಸೆನೆಟ್ಟಿನಲ್ಲಿ ಹುಟ್ಟುತ್ತದೆ. ಅದರ ಚುನಾವಣೆ ಬೆಸ ವರ್ಷಗಳಲ್ಲಿ, ಯಾರಿಗೂ ಹುಮ್ಮಸ್ಸಿಲ್ಲದ ಹೊತ್ತಿನಲ್ಲಿ. ಕೌಂಟಿಯ ಬೋರ್ಡನ್ನೂ ಬಿಡಬೇಡಿ. ಸ್ಥಳೀಯ ಸರ್ಕಾರಿ ಕಟ್ಟಡ, ಪಾರ್ಕುಗಳಲ್ಲಿ ಬಂದೂಕು ನಿಷೇಧಿಸುವ ಅಧಿಕಾರ 2020ರಿಂದ ಸ್ಥಳೀಯ ಸಂಸ್ಥೆಗಳ ಕೈಯಲ್ಲಿದೆ.

ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಹುದ್ದೆಯ ಎದುರು ಏನು ಬರೆಯುವುದು ಅಂತ ನನಗೂ ಮೊದಲು ತಿಳಿದಿರಲಿಲ್ಲ. 2015ರ ಡಿಸೆಂಬರಿನಲ್ಲಿ ಆಗಿನ ಅಟಾರ್ನಿ ಜನರಲ್ ಮಾರ್ಕ್ ಹೆರಿಂಗ್, ಬೇರೆ 25 ರಾಜ್ಯಗಳು ಕೊಟ್ಟ ಬಂದೂಕು ಒಯ್ಯುವ ಪರವಾನಗಿಯನ್ನು ವರ್ಜೀನಿಯಾ ಇನ್ನು ಮಾನ್ಯ ಮಾಡುವುದಿಲ್ಲ ಎಂದರು. ಶಾಸನಸಭೆಯ ಓಟಿಲ್ಲ, ಏನಿಲ್ಲ. ಮರು ತಿಂಗಳ ಕೊನೆಗೆ ಗವರ್ನರ್ ಟೆರಿ ಮೆಕಾಲಿಫ್ ರಿಪಬ್ಲಿಕನ್ನರ ಜೊತೆ ರಾಜಿಗೆ ಬಂದು, ಅದನ್ನು ಹಿಂದೆಗೆದುಕೊಂಡು, ಬದಲಿಗೆ ಕೌಟುಂಬಿಕ ಹಿಂಸೆಯ ರಕ್ಷಣಾ ಆದೇಶ ಇರುವವರ ಹತ್ತಿರ ಬಂದೂಕು ಇರಬಾರದೆಂಬ ಕಾನೂನು ಪಡೆದರು. ಒಳ್ಳೆಯದೋ ಕೆಟ್ಟದ್ದೋ ನೀವೇ ಹೇಳಿ, ಒಂದು ಹುದ್ದೆಗೆ ಎಷ್ಟು ಬಲವಿದೆ ನೋಡಿ.

ಎರಡನೆಯದು ಭಾಷೆ. "ನಾನು ಎರಡನೇ ತಿದ್ದುಪಡಿಯನ್ನು ಬೆಂಬಲಿಸುತ್ತೇನೆ" (ಅಂದರೆ ಸಂವಿಧಾನದಲ್ಲಿ ಬಂದೂಕಿನ ಹಕ್ಕು ಹೇಳುವ ತಿದ್ದುಪಡಿ) ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ. ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟು 2008ರ ಹೆಲರ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ, ಅದಕ್ಕೆ ಮಿತಿಗಳಿರಬಹುದು ಎಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ಎರಡೂ ಕಡೆಯವರು ನಿರಾಳವಾಗಿ ಆ ಮಾತು ಆಡಬಹುದು. "ಕಾಮನ್ ಸೆನ್ಸ್ ಗನ್ ಸೇಫ್ಟಿ" ಅನ್ನುವುದೂ ಅದೇ ಜಾತಿ. ಯಾರಾದರೂ ಕಾಮನ್ ಸೆನ್ಸ್ ಬೇಡ ಅಂತಾರೆಯೇ? ಇಂಥ ಮಾತು ಕೇಳಿದಾಗ ನಾನು ಪರ್ಸಿನಲ್ಲಿರುವ ಚೀಟಿ ತೆಗೆಯುತ್ತೇನೆ. ಅದರಲ್ಲಿರುವುದು ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಗಳು ಮಾತ್ರ.

ಬಂದೂಕು ಪಡೆಯುವವರ ಹಿನ್ನೆಲೆ ತಪಾಸಣೆ ಮಾರಾಟಕ್ಕೆ ಮಾತ್ರವೋ, ನೆಂಟರಿಗೆ ಸ್ನೇಹಿತರಿಗೆ ಕೈಬದಲಾಯಿಸಿದರೂ ಬೇಕೋ? (2020ರ ವರ್ಜೀನಿಯಾ ಕಾನೂನು ಚರ್ಚೆಯ ನಡುವೆ ಮಾರಾಟಕ್ಕಷ್ಟೇ ಇಳಿಯಿತು. "ಯೂನಿವರ್ಸಲ್" ಎಂಬ ಹೆಸರು ಮಾತ್ರ ಭಾಷಣಗಳಲ್ಲಿ ಉಳಿಯಿತು.)

ರೆಡ್ ಫ್ಲ್ಯಾಗ್ ಆದೇಶಕ್ಕೆ (ಅಪಾಯಕಾರಿ ಅನ್ನಿಸಿದವರ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡುವ ಕೋರ್ಟಿನ ಆದೇಶಕ್ಕೆ) ಅರ್ಜಿ ಹಾಕುವವರು ಯಾರು? 2020ರಲ್ಲಿ ಇಲ್ಲಿ ಬಂದ ಕಾನೂನಿನಲ್ಲಿ ಪೊಲೀಸರು ಮತ್ತು ಸರ್ಕಾರಿ ವಕೀಲರು ಮಾತ್ರ, ಮನೆಯವರಲ್ಲ. ಇದನ್ನು ಹಿಗ್ಗಿಸುತ್ತೀರೋ, ಹೀಗೇ ಬಿಡುತ್ತೀರೋ, ತೆಗೆದೇಹಾಕುತ್ತೀರೋ?

ಅಸಾಲ್ಟ್ ಬಂದೂಕಿನ (ಸೈನ್ಯದ ಮಾದರಿಯ ಅರೆ-ಸ್ವಯಂಚಾಲಿತ ಬಂದೂಕಿನ) ನಿಷೇಧ ಅಂದರೆ ಹೊಸ ಮಾರಾಟಕ್ಕೋ, ಈಗಾಗಲೇ ಮನೆಯಲ್ಲಿ ಇರುವುದಕ್ಕೋ? ಮ್ಯಾಗಜಿನ್‌ನಲ್ಲಿ ಎಷ್ಟು ಗುಂಡಿನವರೆಗೆ ಸರಿ?

ಬಚ್ಚಿಟ್ಟು ಒಯ್ಯಲು ಪರವಾನಗಿ ಬೇಕೆಂಬ ನಿಯಮ ಇರಬೇಕೇ?

ತಿಂಗಳಿಗೆ ಒಂದೇ ಕೈಬಂದೂಕು ಎಂಬ ನಿಯಮ? ಇದು 1993ರಲ್ಲಿ ಬಂತು, 2012ರಲ್ಲಿ ಹೋಯಿತು, 2020ರಲ್ಲಿ ಮತ್ತೆ ಬಂತು. ಬಹಳ ಕಾಲದಿಂದ ಕುರ್ಚಿಯಲ್ಲಿರುವವರಾದರೆ ಈ ಒಂದು ನಿಯಮಕ್ಕೇ ಎರಡು ಮೂರು ಸಲ ಕೈ ಎತ್ತಿರುತ್ತಾರೆ.

ಇನ್ನು ಉತ್ತರ ಹುಡುಕುವ ಜಾಗ. ಅಭ್ಯರ್ಥಿಯ ಸ್ವಂತ ಜಾಲತಾಣವನ್ನು ಒಮ್ಮೆ ಓದಿ, ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದನ್ನು ಗುರುತು ಹಾಕಿ, ಮುಚ್ಚಿ. ಅಲ್ಲಿ ಹೆಚ್ಚು ಹೊತ್ತು ಕೂರಬೇಡಿ. ಒಂದು ಕಪ್ಪು ಕಾಫಿ ಮಾಡಿಕೊಂಡು ಕೂರಬೇಕಾದದ್ದು ರಾಜ್ಯ ಶಾಸನಸಭೆಯ ದಾಖಲೆಯ ತಾಣದಲ್ಲಿ, ಎಲ್ಲರೂ ಎಲ್‌ಐಎಸ್ ಅನ್ನುವ ಕಡೆ. ನೋಡಲಿಕ್ಕೆ ಸರ್ಕಾರಿ ಕಚೇರಿಯ ಫೈಲಿನ ಹಾಗೇ ಇದೆ, ಆದರೆ ಚಿನ್ನದ ಗಣಿ. ಸದಸ್ಯರ ಹೆಸರು ಒತ್ತಿದರೆ ಅವರು ಮಂಡಿಸಿದ ಬಿಲ್ಲುಗಳು, ಬಿಲ್ಲಿನ ಸಂಖ್ಯೆ ಒತ್ತಿದರೆ ಅದರ ಜಾತಕ: ಯಾವ ತಾರೀಕು ಯಾವ ಸಮಿತಿ, ಯಾರು ಯೆಸ್, ಯಾರು ನೋ. ಬಿಲ್ಲಿನ ಪಠ್ಯದಲ್ಲಿ ಹೊಸದಾಗಿ ಸೇರಿದ ಪದಗಳು ಓರೆ ಅಕ್ಷರದಲ್ಲಿ, ತೆಗೆದದ್ದರ ಮೇಲೆ ಅಡ್ಡಗೆರೆ. ಹೆಸರು, ಸಾರಾಂಶ ಎಲ್ಲ ಬಿಟ್ಟು ಆ ಓರೆ ಅಕ್ಷರ ಓದಿ.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದದ್ದು. ಬಿಲ್ಲಿನ ಜಾತಕದಲ್ಲಿ "ಪಾಸ್ಡ್ ಬೈ ಇಂಡೆಫಿನಿಟ್ಲಿ" ಅಂತ ಬರುತ್ತದೆ. ಪಾಸ್ಡ್ ಅಂತ ಕಂಡಮೇಲೆ ಪಾಸಾಯಿತು ಅಂತ ತಾನೇ? ಒಂದು ಇಡೀ ಅಧಿವೇಶನ ನಾನು ಹಾಗೇ ಅಂದುಕೊಂಡಿದ್ದೆ, ಗುಂಪಿನಲ್ಲಿ ಅಭಿನಂದನೆಯನ್ನೂ ಹಾಕಿದ್ದೆ. ಅದರ ಅರ್ಥ ಬಿಲ್ ಸತ್ತಿತು ಎಂದು. "ಲೆಫ್ಟ್ ಇನ್ ಕಮಿಟಿ" ಅಂದರೆ ಸಮಿತಿಯಲ್ಲಿ ಯಾರೂ ಕೈ ಎತ್ತದೆ ಹಾಗೇ ಒಣಗಲು ಬಿಟ್ಟರು. "ಕಂಟಿನ್ಯೂಡ್" ಅಂದರೆ ಮುಂದಿನ ವರ್ಷಕ್ಕೆ ತಳ್ಳಿದರು, ಅಲ್ಲಿಗೂ ಅದು ಹೆಚ್ಚಾಗಿ ಬದುಕಿ ಬರುವುದಿಲ್ಲ. ಸಾಯಿಸುವುದಕ್ಕೆ ಇಷ್ಟು ಸಭ್ಯ ಪದಗಳನ್ನು ಇವರು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಬಿಚ್ಚುತ್ತೇನೆ, ಯಾಕೆಂದರೆ ನಾನು ಕಲಿತದ್ದು ಇದರಿಂದಲೇ. 2019ರ ನವೆಂಬರಿನಲ್ಲಿ ಡೆಮೊಕ್ರಾಟರು ರಾಜ್ಯದ ಎರಡೂ ಸದನ ಗೆದ್ದರು. ಗವರ್ನರ್ ರಾಲ್ಫ್ ನಾರ್ತಮ್ ಅದೇ ಪಕ್ಷದವರು. ಅಸಾಲ್ಟ್ ಬಂದೂಕಿನ ಬಿಲ್ ಎಚ್‌ಬಿ 961 ಕೆಳಮನೆಯಲ್ಲಿ 51-48ರಲ್ಲಿ ದಾಟಿತು. ಪಕ್ಷದ ಭಾಷಣ ಕೇಳಿದವರಿಗೆ ಇನ್ನೇನು ಕಾನೂನಾಯಿತು ಅನ್ನಿಸುತ್ತಿತ್ತು. 2020ರ ಫೆಬ್ರುವರಿ 17ರಂದು ಸೆನೆಟ್ಟಿನ ನ್ಯಾಯಾಂಗ ಸಮಿತಿಯಲ್ಲಿ 10-5ರಲ್ಲಿ ಅದನ್ನು ಮುಂದಿನ ವರ್ಷಕ್ಕೆ ತಳ್ಳಲಾಯಿತು. ತಳ್ಳಿದ ಹತ್ತರಲ್ಲಿ ನಾಲ್ವರು ಡೆಮೊಕ್ರಾಟರು: ಕ್ರೀ ಡೀಡ್ಸ್, ಜಾನ್ ಎಡ್ವರ್ಡ್ಸ್, ಚ್ಯಾಪ್ ಪೀಟರ್ಸನ್, ಸ್ಕಾಟ್ ಸುರೊವೆಲ್. ಪೂರ್ಣ ಸದನದಲ್ಲಿ ಓಟೇ ಆಗಲಿಲ್ಲ. ಹಾಗಾಗಿ ಬರೇ ಸದನದ ಓಟಿನ ಪಟ್ಟಿ ನೋಡುವವರಿಗೆ ಈ ನಾಲ್ವರ ನಿಲುವು ಕಾಣಿಸುವುದೇ ಇಲ್ಲ. ಸಮಿತಿಯ ಸಾಲಿನಲ್ಲಿ ಮಾತ್ರ ಇದೆ.

ಈಗ ಡೀಡ್ಸ್ ಒಬ್ಬರನ್ನೇ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯಿರಿ. 2005ರಲ್ಲಿ ಅವರು ಅಟಾರ್ನಿ ಜನರಲ್ ಹುದ್ದೆಗೆ ನಿಂತಾಗ ರಿಪಬ್ಲಿಕನ್ ಬಾಬ್ ಮೆಕ್‌ಡಾನಲ್ ಅವರನ್ನು ಬಿಟ್ಟು ಬಂದೂಕಿನ ಹಕ್ಕಿನ ದೊಡ್ಡ ಸಂಘ ಎನ್‌ಆರ್‌ಎ ಬೆಂಬಲಿಸಿದ್ದು ಇವರನ್ನು. (ನಾನೂರಕ್ಕಿಂತ ಕಡಿಮೆ ಓಟಿನಲ್ಲಿ ಸೋತರು.) 2020ರಲ್ಲಿ ಬಿಲ್ ತಳ್ಳಿದರು. 2024ರಲ್ಲಿ ಅಸಾಲ್ಟ್ ಬಂದೂಕಿನ ಮಾರಾಟ ತಡೆಯುವ ಎಸ್‌ಬಿ 2 ಬಂತು, ಅದರ ಮೇಲೆ ಮಂಡಿಸಿದವರ ಹೆಸರು ಕ್ರೀ ಡೀಡ್ಸ್! ಗವರ್ನರ್ ಗ್ಲೆನ್ ಯಂಗ್‌ಕಿನ್ ಅದನ್ನು ವೀಟೋ ಮಾಡಿದರು. ಇವರು ಮಾತು ಬದಲಿಸುವವರು ಅಂತಲೂ ಹೇಳಬಹುದು, ಕಾಲದ ಜೊತೆ ಕಲಿತವರು ಅಂತಲೂ ಹೇಳಬಹುದು. ನಡುವೆ 2023ರ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಇತ್ತು, ಅದರಲ್ಲಿ ಆ 2020ರ ಓಟನ್ನು ಎತ್ತಿ ಅವರ ಮೇಲೆ ದಾಳಿ ನಡೆದಿತ್ತು ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಅದೇ ಜೂನಿನಲ್ಲಿ ಪೀಟರ್ಸನ್ ಪ್ರೈಮರಿಯಲ್ಲೇ ಸೋತರು. ಗುಣಾಕಾರ ನೀವು ಮಾಡಿ.

ಇದಕ್ಕೇ ನಾನು ಜೂನಿನ ಪ್ರೈಮರಿ ಬಿಡುವುದಿಲ್ಲ. ವರ್ಜೀನಿಯಾದಲ್ಲಿ ಪಕ್ಷಕ್ಕೆ ಹೆಸರು ನೋಂದಾಯಿಸುವ ಪದ್ಧತಿಯಿಲ್ಲ, ಒಂದು ಸಲಕ್ಕೆ ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಓಟು ಹಾಕಬಹುದು. ಒಂದೇ ಪಕ್ಷದ ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ಹೊರಬೀಳುವುದು ಆಗಲೇ. ನವೆಂಬರಿನಲ್ಲಿ ಎಲ್ಲರೂ ಪಕ್ಷದ ಒಂದೇ ಕೋಟು ತೊಟ್ಟಿರುತ್ತಾರೆ.

ಓಟಿನ ಪಟ್ಟಿಯನ್ನೂ ಕುರುಡಾಗಿ ನಂಬಬೇಡಿ. 2013ರ ಏಪ್ರಿಲ್ 17ರಂದು ಅಮೆರಿಕದ ಸೆನೆಟ್ಟಿನಲ್ಲಿ ಹಿನ್ನೆಲೆ ತಪಾಸಣೆ ಹಿಗ್ಗಿಸುವ ಮ್ಯಾಂಚಿನ್-ಟೂಮಿ ತಿದ್ದುಪಡಿಗೆ 54 ಯೆಸ್, 46 ನೋ. ಬೇಕಾದದ್ದು 60, ಬಿದ್ದುಹೋಯಿತು. ಆ ನೋಗಳಲ್ಲಿ ಒಂದು ಡೆಮೊಕ್ರಾಟ್ ನಾಯಕ ಹ್ಯಾರಿ ರೀಡ್ ಅವರದು. ಅವರು ವಿರೋಧಿಯಾಗಿರಲಿಲ್ಲ. ಸೋತ ಪ್ರಸ್ತಾಪವನ್ನು ಮತ್ತೆ ಓಟಿಗೆ ತರಬೇಕಾದರೆ ಗೆದ್ದ ಕಡೆ ನಿಂತವರೇ ಕೇಳಬೇಕು, ಹಾಗಾಗಿ ನಾಯಕರು ಹೀಗೆ ತಿರುಗುತ್ತಾರೆ. ಒಂದು ಓಟು ಉಳಿದೆಲ್ಲದಕ್ಕೆ ಹೊಂದದಂತೆ ಕಂಡರೆ ಆ ದಿನದ ಸುದ್ದಿ ಓದಿ.

ಇದಕ್ಕೆ ತದ್ವಿರುದ್ಧವಾಗಿ, ಬಂದೂಕಿನ ಹೆಸರೇ ಇಲ್ಲದ ಓಟು ಬಂದೂಕಿನ ಓಟಾಗಿರಬಹುದು. 2019ರ ಮೇ 31ರಂದು ವರ್ಜೀನಿಯಾ ಬೀಚ್‌ನ ನಗರಸಭೆ ಕಟ್ಟಡದಲ್ಲಿ 12 ಜನ ಗುಂಡಿಗೆ ಬಲಿಯಾದ ಮೇಲೆ ನಾರ್ತಮ್ ಜುಲೈ 9ಕ್ಕೆ ವಿಶೇಷ ಅಧಿವೇಶನ ಕರೆದರು. ಸುಮಾರು ಒಂದೂವರೆ ಗಂಟೆಯಲ್ಲಿ ರಿಪಬ್ಲಿಕನ್ ಬಹುಮತ ಸಭೆಯನ್ನು ಚುನಾವಣೆ ಕಳೆದ ಮೇಲಿನ ತಾರೀಕಿಗೆ ಮುಂದೂಡಿತು. ಅಂದು ದಾಖಲಾದ ಓಟು ಮುಂದೂಡಿಕೆಗೆ ಮಾತ್ರ. ಇನ್ನೂ ಸ್ವಾರಸ್ಯ ಅಂದರೆ, ಹಿಂದಿನ ದಿನ ರಿಪಬ್ಲಿಕನ್ ಸೆನೆಟ್ ನಾಯಕ ಟಾಮಿ ನಾರ್ಮೆಂಟ್ ತಾವೇ ಸರ್ಕಾರಿ ಕಟ್ಟಡಗಳಲ್ಲಿ ಬಂದೂಕು ಬೇಡವೆಂಬ ಬಿಲ್ ಹಾಕಿದ್ದರು. ತಮ್ಮವರೇ ತಿರುಗಿಬಿದ್ದರು, ಮರುದಿನ ಕೈಬಿಟ್ಟರು. ಬಿಲ್ ಮಂಡಿಸಿದ್ದನ್ನು ಮಾತ್ರ ನೋಡಿದರೆ ಒಂದು ಕಥೆ, ಮರುದಿನ ಏನಾಯಿತು ನೋಡಿದರೆ ಬೇರೆ ಕಥೆ.

ವಾಷಿಂಗ್ಟನ್ನಿನ ಸದಸ್ಯರದ್ದಾದರೆ ಕಾಂಗ್ರೆಸ್ಸಿನ ಅಧಿಕೃತ ತಾಣದಲ್ಲಿ, ಇಲ್ಲವೇ ಗವ್‌ಟ್ರ್ಯಾಕ್‌ನಲ್ಲಿ ನೋಡಿ. ನಾನು ಎರಡು ಓಟು ಮಾತ್ರ ನೋಡುತ್ತೇನೆ, ಎರಡೂ 2022ರವು: ಜೂನಿನಲ್ಲಿ ಎರಡು ಪಕ್ಷ ಸೇರಿ ತಂದ ಬಂದೂಕು ಸುರಕ್ಷತೆಯ ಸೇಫರ್ ಕಮ್ಯೂನಿಟೀಸ್ ಕಾನೂನು (ಕೆಳಮನೆಯಲ್ಲಿ 234-193), ಜುಲೈ 29ರ ಅಸಾಲ್ಟ್ ಬಂದೂಕಿನ ಬಿಲ್ (217-213). ಎರಡನೆಯದರಲ್ಲಿ ಐವರು ಡೆಮೊಕ್ರಾಟರು ನೋ, ಇಬ್ಬರು ರಿಪಬ್ಲಿಕನ್ನರು ಯೆಸ್. ಪಕ್ಷದ ಬಣ್ಣ ನೋಡಿ ನಿಲುವು ಊಹಿಸುವವರಿಗೆ ಆ ಏಳು ಹೆಸರು ಸಾಕು.

ಅಂಕಪಟ್ಟಿಗಳ ವಿಷಯ. ಎನ್‌ಆರ್‌ಎ ಕಚೇರಿ ನಮ್ಮ ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲೇ ಇದೆ. ಅವರು ಎ ಇಂದ ಎಫ್ ತನಕ ಗ್ರೇಡು ಕೊಡುತ್ತಾರೆ. "ಎಕ್ಯೂ" ಅಂದರೆ ಓಟಿನ ದಾಖಲೆ ಇಲ್ಲ, ಪ್ರಶ್ನಾವಳಿಗೆ ಒಳ್ಳೆ ಉತ್ತರ ಬರೆದ ಹೊಸಬರು. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಉತ್ತರ ಕೊಡಲಿಲ್ಲ ಎಂದು. ವರ್ಜೀನಿಯಾ ಸಿಟಿಜನ್ಸ್ ಡಿಫೆನ್ಸ್ ಲೀಗ್ ಅವರ ಪ್ರಶ್ನಾವಳಿ ಇನ್ನೂ ಬಿಗಿ. ಎದುರು ಕಡೆಯಲ್ಲಿ ಮಾಮ್ಸ್ ಡಿಮ್ಯಾಂಡ್ ಆಕ್ಷನ್ "ಗನ್ ಸೆನ್ಸ್" ಮುದ್ರೆ ಕೊಡುತ್ತದೆ. ಗಿಫರ್ಡ್ಸ್, ಬ್ರೇಡಿ ಬೆಂಬಲ ಘೋಷಿಸುತ್ತವೆ. ವೋಟ್ ಸ್ಮಾರ್ಟ್ ತಾಣದಲ್ಲಿ ಹಲವು ಸಂಸ್ಥೆಗಳ ಅಂಕ ಒಂದೇ ಕಡೆ ಸಿಗುತ್ತದೆ. ನಾನು ಎರಡೂ ಕಡೆಯ ಪಟ್ಟಿ ಪಕ್ಕಪಕ್ಕ ಇಡುತ್ತೇನೆ. ಇಬ್ಬರೂ ಒಪ್ಪಿದರೆ (ಒಬ್ಬರ ಎ, ಇನ್ನೊಬ್ಬರ ಕೆಂಗಣ್ಣು) ಕೆಲಸ ಮುಗಿಯಿತು. ಇಬ್ಬರಿಗೂ ಸಿಟ್ಟು ಬರಿಸಿದವರು ಸಿಕ್ಕರೆ ಆ ರಾತ್ರಿ ನನಗೆ ಓದಲು ಬಹಳ ಇರುತ್ತದೆ.

ಆದರೆ ಗ್ರೇಡಿನ ಪಕ್ಕ ವರ್ಷ ಬರೆಯದಿದ್ದರೆ ಅದು ಸುಳ್ಳಿಗೆ ಸಮ. ಮಿನೆಸೋಟದ ಟಿಮ್ ವಾಲ್ಜ್ ಕಾಂಗ್ರೆಸ್ಸಿನಲ್ಲಿದ್ದಾಗ ಎನ್‌ಆರ್‌ಎಯ ಎ, ಆಮೇಲೆ ಎಫ್. ನ್ಯೂಯಾರ್ಕಿನ ಕರ್ಸ್ಟನ್ ಜಿಲಿಬ್ರಾಂಡ್ ಅವರದೂ ಹಾಗೇ. ಹಳ್ಳಿ ಕ್ಷೇತ್ರದಿಂದ ಇಡೀ ರಾಜ್ಯದ ಹುದ್ದೆಗೆ ಏರುವಾಗ ಗ್ರೇಡು ಇಳಿಯಿತು. ನಮ್ಮ ಸೆನೆಟರ್ ಮಾರ್ಕ್ ವಾರ್ನರ್ 2013ರಲ್ಲಿ ಅಸಾಲ್ಟ್ ಬಂದೂಕಿನ ನಿಷೇಧಕ್ಕೆ ನೋ ಅಂದವರು, ಮುಂದೆ ಮನಸ್ಸು ಬದಲಾಯಿಸಿದೆ ಎಂದು ಪತ್ರಿಕೆಯಲ್ಲಿ ಬರೆದವರು. ಮನಸ್ಸು ಬದಲಾಗುವುದು ತಪ್ಪಲ್ಲ. ನಾನು ಕೇಳಿಕೊಳ್ಳುವುದು, ಬದಲಾದಾಗ ಅವರಿಗೆ ಲಾಭವಾಯಿತೋ ನಷ್ಟವಾಯಿತೋ ಎಂದು. ಮೇನ್ ರಾಜ್ಯದ ಜೇರೆಡ್ ಗೋಲ್ಡನ್ 2022ರ ಅಸಾಲ್ಟ್ ಬಂದೂಕಿನ ಬಿಲ್ಲಿಗೆ ನೋ ಅಂದ ಆ ಐವರು ಡೆಮೊಕ್ರಾಟರಲ್ಲಿ ಒಬ್ಬರು. 2023ರ ಅಕ್ಟೋಬರ್ 25ರಂದು ಅವರ ಸ್ವಂತ ಊರು ಲೂವಿಸ್ಟನ್‌ನಲ್ಲಿ 18 ಜನ ಸತ್ತರು. ಮರುದಿನವೇ ಮೈಕಿನ ಮುಂದೆ ನಿಂತು ತಾವು ತಪ್ಪಿದ್ದೆವು, ಇನ್ನು ನಿಷೇಧವನ್ನು ಬೆಂಬಲಿಸುತ್ತೇವೆ ಎಂದರು. ಟ್ರಂಪ್ ಎರಡು ಸಲ ಗೆದ್ದಿದ್ದ ಕ್ಷೇತ್ರ ಅದು. ಆ ಮಾತಿನಿಂದ ಅಲ್ಲಿ ಓಟು ಹೆಚ್ಚುವ ಸಂಭವ ಕಡಿಮೆ. ಅದನ್ನು ನಾನು ನಂಬುತ್ತೇನೆ. ನಮ್ಮನೆಯವರು ಒಪ್ಪುವುದಿಲ್ಲ, "ನಿಲುವು ಅನ್ನೋದು ಕೆಟ್ಟ ದಿನದಲ್ಲೂ ನಿಲ್ಲಬೇಕು" ಅಂತಾರೆ. ಆ ಜಗಳ ಇನ್ನೂ ನಡೆಯುತ್ತಿದೆ.

ಮೌನವೂ ಒಂದು ಉತ್ತರ. 2021ರಲ್ಲಿ ಯಂಗ್‌ಕಿನ್ ಗವರ್ನರ್ ಹುದ್ದೆಗೆ ನಿಂತಾಗ ಎನ್‌ಆರ್‌ಎ ಪ್ರಶ್ನಾವಳಿಯನ್ನು ತುಂಬಲೇ ಇಲ್ಲ, ಬೆಂಬಲವೂ ಸಿಗಲಿಲ್ಲ. ನಮ್ಮ ಲೌಡನ್ ಕೌಂಟಿಯ ಹಲವರಿಗೆ ಅದು ಸಮಾಧಾನವಾಗಿ ಕಂಡಿತು: ಅಷ್ಟೇನೂ ಬಿಗಿಯಲ್ಲ ಈ ಮನುಷ್ಯ ಎಂದು. ಗೆದ್ದಮೇಲೆ 2024ರ ಮಾರ್ಚಿನಲ್ಲಿ ಒಂದೇ ದಿನ 30 ಬಂದೂಕು ಬಿಲ್ಲುಗಳಿಗೆ ವೀಟೋ. ಖಾಲಿ ಬಿಟ್ಟ ಕಾಗದದ ಮೇಲೆ ನಮಗೆ ಬೇಕಾದ್ದನ್ನು ನಾವೇ ಬರೆದುಕೊಂಡಿದ್ದೆವು. ಈಗ ಖಾಲಿ ಜಾಗ ಕಂಡರೆ ಅವರ ಪಕ್ಷದ ನಾಯಕರ ನಿಲುವನ್ನೇ ಅಲ್ಲಿ ತುಂಬುತ್ತೇನೆ.

ಫೋಟೋ ನೋಡಿ ಮಾತ್ರ ಮೋಸ ಹೋಗಬೇಡಿ. ವಿನ್ಸಮ್ ಅರ್ಲ್-ಸಿಯರ್ಸ್ 2021ರಲ್ಲಿ ರೈಫಲ್ ಹಿಡಿದ ಫೋಟೋದಿಂದಲೇ ಮನೆಮಾತಾದರು, ಅವರ ನಿಲುವೂ ಅದೇ ಆಗಿತ್ತು. ಆದರೆ 2025ರಲ್ಲಿ ಅವರನ್ನು ಸೋಲಿಸಿ ಗವರ್ನರ್ ಆಗಿ ಆಯ್ಕೆಯಾದ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಕೂಡ ಕೆಲಸದ ಮೇಲೆ ಬಂದೂಕು ಒಯ್ದವರೇ, ಅಂಚೆ ಇಲಾಖೆಯ ತನಿಖಾಧಿಕಾರಿಯಾಗಿ. ಆಮೇಲೆ ಮಾಮ್ಸ್ ಡಿಮ್ಯಾಂಡ್ ಆಕ್ಷನ್‌ನಲ್ಲಿ ಸ್ವಯಂಸೇವೆ ಮಾಡಿದವರು. ಬಂದೂಕು ಹಿಡಿಯಲು ಬರುತ್ತದೆ ಅನ್ನುವುದರಿಂದ ಬಂದೂಕಿನ ಕಾನೂನಿನ ಬಗ್ಗೆ ಏನೂ ತಿಳಿಯುವುದಿಲ್ಲ. ಅಪ್ಪಯ್ಯನೂ ಹಿಡಿಯುತ್ತಿದ್ದರು, ಠಾಣೆಗೂ ಒಪ್ಪಿಸುತ್ತಿದ್ದರು.

ಹಣದ ಬಗ್ಗೆ ಎರಡೇ ಮಾತು. ವರ್ಜೀನಿಯಾದಲ್ಲಿ ರಾಜ್ಯದ ಅಭ್ಯರ್ಥಿಗೆ ಯಾರು ಎಷ್ಟಾದರೂ ಕೊಡಬಹುದು, ಮಿತಿಯಿಲ್ಲ. ಯಾರು ಕೊಟ್ಟರು ಅಂತ ವರ್ಜೀನಿಯಾ ಪಬ್ಲಿಕ್ ಆಕ್ಸೆಸ್ ಪ್ರಾಜೆಕ್ಟ್ ತಾಣದಲ್ಲಿ ಹೆಸರು ಹೊಡೆದರೆ ಸಿಗುತ್ತದೆ. ಬಂದೂಕು ಅಂದರೆ ಹಣ ಎನ್‌ಆರ್‌ಎದ್ದೇ ಎಂದು ಎಣಿಸಬೇಡಿ, 2019ರಲ್ಲಿ ಇಲ್ಲಿ ಬಂದೂಕು ನಿಯಂತ್ರಣ ಬಯಸುವ ಎವೆರಿಟೌನ್ ಸಂಸ್ಥೆ ಅವರಿಗಿಂತ ಹಲವು ಪಟ್ಟು ಸುರಿಯಿತು. ಆದರೂ ನನ್ನ ಅನುಭವದಲ್ಲಿ ಹಣ ನಿಲುವನ್ನು ಹುಟ್ಟಿಸುವುದಕ್ಕಿಂತ ಇರುವ ನಿಲುವನ್ನು ಹುಡುಕಿಕೊಂಡು ಬರುವುದು ಹೆಚ್ಚು. ಸಮಿತಿಯ ಓಟು ಸಿಕ್ಕಿದ್ದರೆ ಹಣ ನೋಡದಿದ್ದರೂ ನಡೆಯುತ್ತದೆ.

ಹೊಸಬರಾದರೆ? ಓಟಿಲ್ಲ, ಗ್ರೇಡಿಲ್ಲ. ಆಗ ಬಾಯಿ ಬಿಟ್ಟು ಕೇಳುವುದೊಂದೇ ದಾರಿ. ಇಲ್ಲಿ ಅಭ್ಯರ್ಥಿಗಳು ಬಾಗಿಲು ಬಡಿಯುತ್ತಾರೆ, ನಮ್ಮ ದೀಪಾವಳಿ ಕಾರ್ಯಕ್ರಮಕ್ಕೆ ಕುರ್ತಾ ಹಾಕಿಕೊಂಡು ಬಂದು "ನಮಸ್ತೆ" ಅಂತಾರೆ, ಹೋಳಿಗೆ ತಿಂತಾರೆ. ಒಂದು ವರ್ಷ ಊಟದ ಸಾಲಿನಲ್ಲಿ ನನ್ನ ಹಿಂದೆಯೇ ಒಬ್ಬ ಅಭ್ಯರ್ಥಿ ನಿಂತಿದ್ದರು. "ರೆಡ್ ಫ್ಲ್ಯಾಗ್ ಅರ್ಜಿ ಮನೆಯವರೂ ಹಾಕಬಹುದು ಎಂಬ ಬಿಲ್ ಬಂದರೆ ಯೆಸ್ಸೋ ನೋವೋ?" ಅಂದೆ. ಜವಾಬ್ದಾರಿಯುತ ಒಡೆತನದ ಬಗ್ಗೆ ಎರಡು ನಿಮಿಷ ಮಾತಾಡಿದರು. ಮತ್ತೆ ಅದೇ ಕೇಳಿದೆ. "ಪಠ್ಯ ನೋಡಬೇಕು" ಅಂದರು. ಪಠ್ಯ ಫೋನಿನಲ್ಲಿತ್ತು, ತೋರಿಸಿದೆ. ಅಷ್ಟರಲ್ಲಿ ಪುಳಿಯೋಗರೆ ಬಂತು, ಅವರು ಬಹಳ ಆಸ್ಥೆಯಿಂದ ಪುಳಿಯೋಗರೆಯ ಬಗ್ಗೆ ಕೇಳತೊಡಗಿದರು. ಹಾಗೆಂದು ಎಲ್ಲರೂ ಜಾರುವುದಿಲ್ಲ. ಬಾಗಿಲಿಗೆ ಬಂದ ಇನ್ನೊಬ್ಬ ಹೊಸಬರು ಮೆಟ್ಟಿಲ ಮೇಲೆ ನಿಂತೇ ನನ್ನ ಚೀಟಿಯ ಐದಕ್ಕೂ ನೇರ ಉತ್ತರ ಕೊಟ್ಟರು. ಮೂರರಲ್ಲಿ ನನಗೆ ಒಪ್ಪಿಗೆಯಿರಲಿಲ್ಲ, ಆದರೂ ಒಳಗೆ ಕರೆದು ಕಾಫಿ ಕೊಟ್ಟೆ. ಕೇಳುವಾಗ ನಿಮ್ಮ ಪಕ್ಷ ಯಾವುದೆಂದು ಮುಖದಲ್ಲಿ ತೋರಿಸಬೇಡಿ. ಸಾಧ್ಯವಾದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಬೇರೆ ಬೇರೆಯಾಗಿ ಅದೇ ಪ್ರಶ್ನೆ ಇಮೇಲ್ ಮಾಡಿ, ಒಬ್ಬರು ಬಂದೂಕು ಇರುವವರೆಂದು, ಇನ್ನೊಬ್ಬರು ಶಾಲೆಗೆ ಹೋಗುವ ಮಗುವಿನ ತಾಯಿಯೆಂದು. ಎರಡೂ ನಿಜ ತಾನೇ. ಉತ್ತರ ಎರಡು ಬಗೆ ಬಂದರೆ ಅದಕ್ಕಿಂತ ಹೆಚ್ಚಿನ ಸಂಶೋಧನೆ ಬೇಕಿಲ್ಲ.

ಇಷ್ಟೆಲ್ಲ ಮಾಡಲು ನನಗೆ ಒಬ್ಬ ಅಭ್ಯರ್ಥಿಗೆ ಒಂದು ಸಂಜೆ ಸಾಕು, ಹಳೆಯ ಹುಲಿಗಳಿಗೆ ಎರಡು. ಇಲ್ಲಿ ಮುಂಗಡ ಮತದಾನ ಚುನಾವಣೆಗೆ 45 ದಿನ ಮುಂಚೆಯೇ ಶುರುವಾಗುತ್ತದೆ, ಹಿಂದಿನ ಶನಿವಾರ ಸಂಜೆ 5ಕ್ಕೆ ಮುಗಿಯುತ್ತದೆ. ನಾನು ಮೊದಲ ವಾರ ಹಾಕುವುದಿಲ್ಲ. ಅಕ್ಟೋಬರಿನಲ್ಲಿ ಚರ್ಚೆಗಳು ನಡೆಯುತ್ತವೆ, ಬಾಯಿ ಜಾರುವುದು ಆಗಲೇ. ಬರೆದುಕೊಂಡ ಚೀಟಿಯನ್ನು ಒಳಗೆ ಒಯ್ಯಬಹುದು.

ಹೋದ ಸಲ ಇಬ್ಬರೂ ಒಟ್ಟಿಗೇ ಹೊರಟೆವು. ಇಬ್ಬರ ಕೈಯಲ್ಲೂ ಒಂದೇ ಚೀಟಿಯ ಎರಡು ಪ್ರತಿ, ಗುರುತು ಮಾತ್ರ ಬೇರೆ ಬೇರೆ ಹೆಸರಿನ ಎದುರು. ಹೊರಡುವ ಮುಂಚೆ ನಮ್ಮನೆಯವರು ಸೊಂಟದಲ್ಲಿದ್ದ ಪಿಸ್ತೂಲನ್ನು ಸೇಫಿನಲ್ಲಿಟ್ಟು ಬಂದರು. ಮತಗಟ್ಟೆಯ 40 ಅಡಿಯೊಳಗೆ ಬಂದೂಕು ಒಯ್ಯುವಂತಿಲ್ಲ ಎಂಬ ಕಾನೂನು ಇಲ್ಲಿ 2021ರಿಂದ ಇದೆ. ಸಾಲಿನಲ್ಲಿ ನಿಂತು ಆ ಬಿಲ್ಲಿನ ಜಾತಕ ತೆಗೆದು, ನಮ್ಮ ಕ್ಷೇತ್ರದವರು ಏನು ಒತ್ತಿದ್ದರು ಅಂತ ನನಗೆ ತೋರಿಸಿದರು. ನಾನು ಅಪ್ಪಯ್ಯನ ಗೋಣಿಚೀಲದ ಕಥೆ ಹೇಳಿದೆ. "ನಿಮ್ಮಪ್ಪಯ್ಯಂಗಾದ್ರೂ ರಸೀದಿ ಕೊಡ್ತಿದ್ರಲ್ಲ" ಅಂದರು.